ತೋಜಿ ಸಂತೇಲಿ ತಗೊಂಡ ಕರಿ ಪೆಟ್ಟಿಗೆ, ಚಿಪ್ಪಿನ ಹೂವಿನ ಒಂದು ಎಸಳು ಕಿತ್ತು ಬಂತು, ಏನ್ ಮಾಡ್ಲಿ?

ಕ್ಯೋಟೋ_ಕನ್ನಡತಿ
ಎಲ್ರಿಗೂ ನಮಸ್ಕಾರ. ನಮ್ಮನೆಯವರ ಕೆಲಸದಿಂದಾಗಿ ಮೂರು ವರ್ಷದಿಂದ ಕ್ಯೋಟೋದಲ್ಲಿದೀವಿ. ಇಲ್ಲಿ ತೋಜಿ ಅಂತ ದೊಡ್ಡ ದೇವಸ್ಥಾನ, ಪ್ರತಿ ತಿಂಗಳು 21ನೇ ತಾರೀಕು ಅದರ ಅಂಗಳದಲ್ಲಿ ಸಂತೆ ಕೂಡತ್ತೆ, ಹಳೇ ಕಿಮೋನೋ, ಪಿಂಗಾಣಿ, ತುಕ್ಕು ಹಿಡಿದ ಕತ್ತರಿ, ಉಪ್ಪಿನಕಾಯಿ ಎಲ್ಲಾ ಒಂದೇ ಕಡೆ, ಥೇಟ್ ನಮ್ಮೂರ ಜಾತ್ರೆ. ಕಳೆದ ನವೆಂಬರಲ್ಲಿ ಅಲ್ಲಿ ಒಬ್ಬ ಅಜ್ಜನ ಹತ್ರ ಒಂದು ಕರಿ ಪೆಟ್ಟಿಗೆ ತಗೊಂಡೆ. ಒಂದು ಗೇಣು ಉದ್ದ, ಅದಕ್ಕಿಂತ ಸ್ವಲ್ಪ ಕಮ್ಮಿ ಅಗಲ, ಮುಚ್ಚಳದ ಮೇಲೆ ದೊಡ್ಡ ದೊಡ್ಡ ಪಿಯೋನಿ ಹೂವು, ಉದ್ದ ಬಾಲದ ಹಕ್ಕಿ, ಎಲ್ಲಾ ಮುತ್ತಿನ ಚಿಪ್ಪಿನ ಚೂರಲ್ಲಿ. ಆ ಕಡೆ ವಾಲಿಸಿದ್ರೆ ಹಸಿರು, ಈ ಕಡೆ ವಾಲಿಸಿದ್ರೆ ಗುಲಾಬಿ. 9000 ಯೆನ್ ಹೇಳಿದ್ರು, ನಾನು ಚೌಕಾಸಿ ಮಾಡೋಷ್ಟು ಜಪಾನೀ ಬರಲ್ಲ, ಕೊಟ್ಟು ಬಂದೆ.

ಚಳಿಗಾಲ ಪೂರ್ತಿ ಅದನ್ನ ಹಾಲ್‌ನಲ್ಲಿ ಎಸಿ (ಚಳಿಗಾಲದಲ್ಲಿ ಇಲ್ಲಿ ಹೀಟರೂ ಅದೇ) ಕೆಳಗಿನ ಶೆಲ್ಫ್ ಮೇಲೆ ಇಟ್ಟಿದ್ದೆ, ಬಂದೋರಿಗೆಲ್ಲ ಕಾಣ್ಲಿ ಅಂತ. ಮೊನ್ನೆ ಧೂಳು ಕೂತಿದೆ ಅಂತ ವೆಟ್ ಟಿಶ್ಯೂ ತಗೊಂಡು ಒರೆಸಿದೆ ನೋಡಿ, ಒಂದು ಎಸಳು ಟಿಶ್ಯೂಗೆ ಅಂಟ್ಕೊಂಡು ಬಂದೇ ಬಿಡ್ತು. ಎದೆ ಧಸಕ್ ಅಂತು. ಎಸಳು ಈರುಳ್ಳಿ ಸಿಪ್ಪೆಗಿಂತ ತೆಳು. ಒರೆಸಿದ ಜಾಗ ಬೇರೆ ಮಂಜು ಹಿಡಿದ ಹಾಗೆ ಬೆಳ್ಳಗಾಗಿದೆ. ಫೋಟೋಗಳನ್ನೂ ಹಾಕಿದೀನಿ. ಎರಡು ಪ್ರಶ್ನೆ. ಒಂದು, ಇದನ್ನ ನಾನೇ ಅಂಟಿಸಬಹುದಾ? ಎರಡು, ಇದು ನಿಜವಾಗ್ಲೂ ಹಳೇದಾ ಅಥವಾ ಟೂರಿಸ್ಟ್ ಮಾಲಾ? ಗೊತ್ತಿರೋರು ದಯವಿಟ್ಟು ಹೇಳಿ, ಬೈಯೋದಿದ್ರೆ ಆಮೇಲೆ ಬೈರಿ.

ಡೌಟ್_ಗೌಡ
ಮೇಡಂ ಸೂಪರ್ ಗ್ಲೂ ಒಂದು ತೊಟ್ಟು, ಎರಡು ನಿಮಿಷ ಒತ್ತಿ ಹಿಡಿರಿ, ಮುಗೀತು ಕಥೆ. ಒಂದು ಎಸಳಿಗೆ ಪೋಸ್ಟ್ ಹಾಕ್ತೀರಲ್ಲ.

ಮ್ಯೂಸಿಯಂ_ಹುಳ
ಅಯ್ಯೋ ಬೇಡ ಬೇಡ ಬೇಡ!! ಅಕ್ಕ, ಗ್ಲೂ ಬಾಟಲ್ ಮನೇಲಿದ್ರೆ ಮೊದ್ಲು ಪಕ್ಕದ ಮನೆಗೆ ಕೊಟ್ಟು ಬನ್ನಿ. ಆ ಗ್ಲೂ ಚಿಪ್ಪಿನ ಕೆಳಗೆ ಗಾಜಿನ ಥರ ಗಟ್ಟಿಯಾಗತ್ತೆ, ಮುಂದೆ ಸರಿ ಮಾಡೋರು ಅದನ್ನ ತೆಗಿಯಕ್ಕೆ ಹೋದ್ರೆ ಎಸಳು ಪುಡಿ ಆಗತ್ತೆ, ಇಲ್ಲಾಂದ್ರೆ ಕೆಳಗಿನ ಪದರಾನೂ ಎಬ್ಬಿಸ್ಕೊಂಡು ಬರತ್ತೆ. ಈಗ ಮಾಡ್ಬೇಕಾದ್ದು ಇಷ್ಟೇ. ಎಸಳನ್ನ ತೆಳು ಪೇಪರ್ ಮಡಿಕೆ ಒಳಗೆ ಇಡಿ, ಅದನ್ನ ಒಂದು ಚಿಕ್ಕ ಡಬ್ಬೀಲಿ ಹಾಕಿ, ಮೇಲೆ ತಾರೀಕು ಬರೀರಿ. ಸೆಲೋಟೇಪ್ ಹಚ್ಚಬೇಡಿ. ಪೆಟ್ಟಿಗೇನ ಎಸಿ ಗಾಳಿ, ಬಿಸಿಲು ಎರಡರಿಂದಲೂ ದೂರ ಇಡಿ. ಮತ್ತೆ ಒದ್ದೆ ಮಾಡಬೇಡಿ.

ಇನ್ನೊಂದು, ಆ ಎಸಳನ್ನ ಮೆಲ್ಲಗೆ ತಿರುಗಿಸಿ ಹಿಂದುಗಡೆ ಏನಾದ್ರೂ ಬಣ್ಣ ಇದೆಯಾ ನೋಡಿ ಹೇಳ್ತೀರಾ? ಮತ್ತೆ ಆ ಟಿಶ್ಯೂ ಎಸೆದ್ರಾ?

ಕ್ಯೋಟೋ_ಕನ್ನಡತಿ
ಟಿಶ್ಯೂ ಇನ್ನೂ ಡಸ್ಟ್‌ಬಿನ್ನಲ್ಲೇ ಇತ್ತು, ತೆಗೆದು ನೋಡಿದೆ. ಗುಲಾಬಿ ಕಲೆ ಇದೆ! ನಾನು ನನ್ನ ನೇಲ್ ಪಾಲಿಶ್ ಅಂದ್ಕೊಂಡಿದ್ದೆ. ಎಸಳಿನ ಹಿಂದೆನೂ ಅರ್ಧ ಭಾಗ ಮಾಸಿದ ಕೆಂಪು, ಒಂದು ಮೂಲೇಲಿ ಚೂರು ಚಿನ್ನದ ಥರ ಹೊಳೀತಿದೆ. ಏನಿದು?

ಮ್ಯೂಸಿಯಂ_ಹುಳ
ಆಹಾ. ಅಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಡಸ್ಟ್‌ಬಿನ್ನಲ್ಲೇ ಬಿದ್ದಿತ್ತು.

ಚಿಪ್ಪು ಇಷ್ಟು ತೆಳು ಇದ್ದಾಗ ಅದರ ಮೂಲಕ ಹಿಂದಿನ ಬಣ್ಣ ಕಾಣತ್ತೆ. ಹಾಗಾಗಿ ಹಿಂದುಗಡೆ ಕೆಂಪೋ ಹಸಿರೋ ಬಳಿದು, ಕೆಲವು ಕಡೆ ಚಿನ್ನದ್ದೋ ಬೆಳ್ಳೀದೋ ರೇಕು ಇಟ್ಟು ಆಮೇಲೆ ಅಂಟಿಸ್ತಿದ್ರು. ಹೀಗೆ ಹಿಂದಿಂದ ಬಣ್ಣ ಕೊಟ್ಟು ತುಂಬು ಹೂವು ಹಕ್ಕಿ ಮಾಡೋದು 19ನೇ ಶತಮಾನದ ನಾಗಾಸಾಕಿ ಕೆಲಸದ ಗುರುತು, ಹೊರದೇಶಕ್ಕೆ ಮಾರಕ್ಕೆ ಅಂತಲೇ ಮಾಡ್ತಿದ್ದಿದ್ದು. ಅಲ್ಲಿ ಇದಕ್ಕೆ ಆಓಗಾಯ್ ಅಂತಾರೆ, ನೀಲಿ ಚಿಪ್ಪು ಅಂತ ಅರ್ಥ. ಫೋಟೋದಲ್ಲಿ ಹೂವು ಅಂಚಿನ ತನಕ ತುಂಬಿರೋ ರೀತಿ ನೋಡಿದ್ರೂ ಹಾಗೇ ಅನ್ಸತ್ತೆ. ಎದೋ ಕಾಲದ ಕೊನೆ ಅಥವಾ ಮೇಜಿ ಶುರು, ಅಂದ್ರೆ 1868ರ ಆಚೆ ಈಚೆ. ಕೈಯಲ್ಲಿ ಹಿಡಿದು ನೋಡದೆ ಪಕ್ಕಾ ಅನ್ನಲ್ಲ, ಆದ್ರೆ ಪ್ಲಾಸ್ಟಿಕ್ ಟೂರಿಸ್ಟ್ ಮಾಲ್ ಅಂತೂ ಅಲ್ಲ.

ನಿಮ್ಮ ಟಿಶ್ಯೂ ಏನು ಮಾಡ್ತು ಅಂದ್ರೆ, ಒಳಗಿದ್ದಿದ್ದು ಪ್ರಾಣಿ ಚರ್ಮದ ಅಂಟು ಇರಬೇಕು, ನಿಕಾವಾ ಅಂತಾರೆ, ತೆಳು ಚಿಪ್ಪಿಗೆ ಅದನ್ನ ಬಳಸೋದುಂಟು. ಅದು ನೀರಿಗೆ ಕರಗತ್ತೆ. ಚಳಿಗಾಲ ಪೂರ್ತಿ ಹೀಟರ್ ಗಾಳಿಗೆ ಒಣಗಿ ಮರ ಕುಗ್ಗಿದೆ, ಚಿಪ್ಪು ಕುಗ್ಗಲ್ಲ, ಹಾಗಾಗಿ ಅಂಚು ಮೊದ್ಲೇ ಎದ್ದಿತ್ತು. ಕೊನೇ ತಳ್ಳು ಮಾತ್ರ ಟಿಶ್ಯೂದು.

ಬೀಟೆಮರ_ಮೈಸೂರು
ಒಳ್ಳೇ ಟಾಪಿಕ್. ನಮ್ಮ ತಾತ ಮೈಸೂರಲ್ಲಿ ಇನ್‌ಲೇ ಕೆಲಸ ಮಾಡ್ತಿದ್ರು, ಬೀಟೆ ಮರದಲ್ಲಿ ಆಕಾರಕ್ಕೆ ತಕ್ಕ ಗುಂಡಿ ತೋಡಿ ದಂತ ಕೂರಿಸೋದು, ಅರಮನೆ ಬಾಗಿಲಲ್ಲಿ ನೋಡಿರ್ತೀರಲ್ಲ ಆ ಥರ. ದಂತ ನಿಂತ ಮೇಲೆ ಬೇರೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ಕು. ಅದಕ್ಕೇ ಕೇಳ್ತಿದೀನಿ, ಈರುಳ್ಳಿ ಸಿಪ್ಪೆಯಷ್ಟು ತೆಳು ಚಿಪ್ಪಿಗೆ ಗುಂಡಿ ಹೆಂಗೆ ತೋಡ್ತಾರೆ? ಉಳಿ ತಾಗಿಸಿದ್ರೇ ಅದಕ್ಕಿಂತ ಆಳ ಹೋಗತ್ತೆ.

ಮ್ಯೂಸಿಯಂ_ಹುಳ
ಸರಿಯಾದ ಪ್ರಶ್ನೆ ಸರ್, ಇದನ್ನ ಎಲ್ರೂ ತಪ್ಪು ತಿಳ್ಕೊಂಡಿರ್ತಾರೆ. ತೆಳು ಚಿಪ್ಪಿಗೆ ಗುಂಡಿ ತೋಡಲ್ಲ, ಸುತ್ತಲಿನ ನೆಲವನ್ನೇ ಎತ್ತರ ಮಾಡ್ತಾರೆ. ಮೊದ್ಲು ಮರ, ಅದರ ಮೇಲೆ ಬಟ್ಟೆ ಅಂಟಿಸಿ, ಮಣ್ಣಿನ ಪುಡಿ ಕಲಸಿದ ಉರುಷಿ (ಅಲ್ಲಿನ ಲ್ಯಾಕರ್) ಬಳಿದು ಉಜ್ಜಿ, ಮತ್ತೆ ಬಳಿದು ಮತ್ತೆ ಉಜ್ಜಿ ನೆಲ ಸಿದ್ಧ ಮಾಡ್ತಾರೆ. ಅದರ ಮೇಲೆ ಚಿಪ್ಪು ಅಂಟಿಸಿ, ಇಡೀ ಮುಚ್ಚಳಕ್ಕೆ, ಚಿಪ್ಪಿನ ಮೇಲೂ ಸೇರಿಸಿ, ಕರಿ ಉರುಷಿ ಬಳೀತಾರೆ. ಒಂದು ಸಲ ಅಲ್ಲ, ಚಿಪ್ಪಿನ ಮಟ್ಟ ಬರೋ ತನಕ. ಆ ಹೊತ್ತಿಗೆ ಚಿತ್ರ ಪೂರ್ತಿ ಮಾಯ, ಬರೀ ಕಪ್ಪು. ಆಮೇಲೆ ಇದ್ದಿಲು ತುಂಡನ್ನ ನೀರಲ್ಲಿ ಅದ್ದಿ ಉಜ್ತಾ ಹೋದ್ರೆ ಒಂದೊಂದೇ ಹೂವು ಮೇಲೆ ಬರತ್ತೆ. ಜಾಸ್ತಿ ಉಜ್ಜಿದ್ರೆ ಚಿಪ್ಪೇ ಸವೆದು ತೂತು. ಕೊನೆಗೆ ಜಿಂಕೆ ಕೊಂಬಿನ ಬೂದಿ ಬೆರಳಿಗೆ ಹಚ್ಚಿ ಹೊಳಪು ಕೊಡ್ತಾರೆ.

ನಿಮ್ಮ ತಾತ ಮಾಡ್ತಿದ್ದ ರೀತಿನೂ ಅಲ್ಲಿದೆ. ಒಂದೆರಡು ಮಿಲಿಮೀಟರ್ ದಪ್ಪದ ಚಿಪ್ಪಿಗೆ ಅತ್ಸುಗಾಯ್ ಅಂತಾರೆ, ಅದನ್ನ ತೋಡಿಯೇ ಕೂರಿಸೋದು. ತೆಳುವಿಗೆ ಉಸುಗಾಯ್, ಮಿಲಿಮೀಟರಿನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಮ್ಮಿ. ಒಟ್ಟು ಕಲೆಗೆ ರಾದೆನ್ ಅಂತ ಹೆಸರು.

ಶಿರಸಿ_ಮಾಣಿ
ಒಂದು ನಿಮಿಷ. ಉರುಷಿ ಅಂದ್ರೆ ಅರಗೇ ತಾನೆ? ಚನ್ನಪಟ್ಟಣದ ಗೊಂಬೆಗೆ ಹಾಕೋದೂ ಅದೇ ಲ್ಯಾಕರ್ ಅಂತ ಬರೀತಾರಲ್ಲ ಎಲ್ಲಾ ಕಡೆ.

ಮ್ಯೂಸಿಯಂ_ಹುಳ
ಇಲ್ಲ ಮಾಣಿ, ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟು ಎಲ್ರಿಗೂ ಗೊಂದಲ ಆಗಿದೆ. ಚನ್ನಪಟ್ಟಣದ ಅರಗು ಹುಳದ್ದು. ಹಾಲೆ ಮರದ ತುಂಡು ಲೇತಲ್ಲಿ ತಿರುಗ್ತಿರೋವಾಗ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ಬಿಸಿಗೆ ಕರಗಿ ಅಂಟ್ಕೊಳ್ಳತ್ತೆ, ಮತ್ತೆ ಬಿಸಿ ಮಾಡಿದ್ರೆ ಮತ್ತೆ ಕರಗತ್ತೆ. ಉರುಷಿ ಮರದ ಸೊನೆ. ಒಂದು ಸಲ ಗಟ್ಟಿಯಾದ್ರೆ ಕರಗಿಸೋ ಮಾತೇ ಇಲ್ಲ, ಆಸಿಡ್ಡಿಗೂ ಬಗ್ಗಲ್ಲ. ಅದಕ್ಕೇ ಜಪಾನಲ್ಲಿ ಬಿಸಿ ಸೂಪ್ ಕುಡಿಯೋ ಬಟ್ಟಲಿಗೂ ಅದನ್ನೇ ಬಳಿಯೋದು.

ಶಿರಸಿ_ಮಾಣಿ
ಸೊನೆ ಅಂದ್ರಾ! ಮಾವಿನಕಾಯಿ ಸೊನೆ ಥರ?

ಮ್ಯೂಸಿಯಂ_ಹುಳ
ಥರ ಏನು ಬಂತು, ಕುಟುಂಬವೇ ಒಂದು. ಮಾವು, ಗೋಡಂಬಿ, ಉರುಷಿ ಮರ ಎಲ್ಲಾ ಅಣ್ಣತಮ್ಮಂದಿರು. ಉರುಷಿ ಮರ 10ರಿಂದ 15 ವರ್ಷ ಬೆಳೆದ ಮೇಲೆ ಬೇಸಿಗೇಲಿ ತೊಗಟೆಗೆ ಗೀರು ಹಾಕ್ತಾ ಬರ್ತಾರೆ, ನಮ್ಮ ಕಡೆ ರಬ್ಬರ್ ಇಳಿಸೋ ಹಾಗೇ, ಆದ್ರೆ ರಬ್ಬರ್ ಥರ ಬಟ್ಟಲು ತುಂಬಲ್ಲ, ತೊಟ್ಟು ತೊಟ್ಟು ಕೆರೆದು ತೆಗೀಬೇಕು. ಒಂದು ಮರಕ್ಕೆ ಒಂದು ಸೀಸನ್ನಲ್ಲಿ ಸುಮಾರು 200 ಗ್ರಾಂ ಸಿಗತ್ತೆ, ಜಪಾನ್ ಪದ್ಧತೀಲಿ ಆಮೇಲೆ ಆ ಮರ ಕಡಿದೇ ಬಿಡ್ತಾರೆ. ಬುಡದಿಂದ ಹೊಸ ಚಿಗುರು ಬರಬೇಕು. ಈಗ ಅಲ್ಲಿ ಬಳಸೋದ್ರಲ್ಲಿ 90 ಪರ್ಸೆಂಟಿಗಿಂತ ಜಾಸ್ತಿ ಚೀನಾದಿಂದ ಬರೋದು. ತಮ್ಮದೇ ಸೊನೆ ಬೇಕು ಅಂದ್ರೆ ಇವಾತೆ ಪ್ರಾಂತ್ಯದ ಜೋಬೋಜಿ ಕಡೆಯದ್ದು ಹೆಸರುವಾಸಿ.

ಶಿರಸಿ_ಮಾಣಿ
ಹಂಗಾದ್ರೆ ಮೈ ಕೆರೆತ ಬರಬೇಕಲ್ಲ! ನಮ್ಮ ಕಡೆ ಕಾಡಲ್ಲಿ ಹೊಲಗೇರು ಅಂತ ಮರ, ಅದರ ಸೊನೆ ತಾಗಿದ್ರೆ ಮುಗೀತು, ಮುಖ ಕುಂಬಳಕಾಯಿ ಆಗ್ತು. ನಾನು ಐದನೇ ಕ್ಲಾಸಲ್ಲಿದ್ದಾಗ ಸೊಪ್ಪು ತರಕ್ಕೆ ಹೋಗಿ ಗೊತ್ತಿಲ್ದೆ ಅದರ ಕೊಂಬೆ ಕಡಿದು ಹದಿನೈದು ದಿನ ಶಾಲೆಗೆ ಹೋಗಿಲ್ಲ, ಕಣ್ಣು ಬಿಡಕ್ಕೇ ಆಗ್ತಿರಲಿಲ್ಲ. ಆಯಿ ಈಗಲೂ ಆ ಕಥೆ ಹೇಳಿ ನಗ್ತಾಳೆ. ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದ ಕರಿಗೇರೂ ಅದೇ ಜಾತಿ, ಒಂದು ಸಲ ಹಾಕಿದ ಕಪ್ಪು ಬಟ್ಟೆ ಹರಿದ್ರೂ ಹೋಗಲ್ಲ.

ಮ್ಯೂಸಿಯಂ_ಹುಳ
ಅದೇ ಅದೇ. ಹೊಲಗೇರು, ಕರಿಗೇರು ಎರಡೂ ಅದೇ ಕುಟುಂಬ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರಿಗೆಲ್ಲ ಮೊದಲು ಕೈ ಊದೇ ಊದತ್ತೆ. ಗಟ್ಟಿಯಾದ ಮೇಲೆ ಏನೂ ಆಗಲ್ಲ, ಅಕ್ಕ ನೀವು ಹೆದರಬೇಡಿ.

ಡೌಟ್_ಗೌಡ
ಎಲ್ಲಾ ಸರಿ ಗುರು, ಆದ್ರೂ ಕೊನೆಗೆ ಅದು ಒಂದು ಡಬ್ಬ. ಒಂದು ಡಬ್ಬಕ್ಕೆ ಇಷ್ಟು ರಾಮಾಯಣ ಯಾಕೆ ಅಂತ. ನಮ್ಮ ಮನೇಲಿ ಇಂಥ ಹಳೇ ಪೆಟ್ಟಿಗೆ ಮೇಲೆ ಮಿಕ್ಸಿ ಇಟ್ಟಿದೀವಿ.

ಹಳೇಸಾಮಾನು
ಗೌಡ್ರೇ, ಮಿಕ್ಸಿ ಇಡೋದಕ್ಕೆ ಮುಂಚೆ ಈ ಕಥೆ ಕೇಳಿ. 1640ರ ಸುಮಾರಿಗೆ ಕ್ಯೋಟೋದಲ್ಲಿ ಕೆಲವು ದೊಡ್ಡ ಪೆಟಾರಿ ಮಾಡಿದ್ರು, ಕೋಆಮಿ ನಾಗಾಶಿಗೆ ಅನ್ನೋರ ಕಾರ್ಖಾನೇದು ಅಂತಾರೆ, ಚಿನ್ನದ ಪುಡಿ, ಬೆಳ್ಳಿ, ಚಿಪ್ಪು ಎಲ್ಲಾ ಸುರಿದು. ಅದ್ರಲ್ಲಿ ಎರಡು ಪೆಟಾರಿ ಫ್ರಾನ್ಸಿನ ಮಂತ್ರಿ ಕಾರ್ಡಿನಲ್ ಮಜಾರಿನ್ ಮನೆತನಕ್ಕೆ ಹೋದ್ವು. ಕೈ ಕೈ ಬದಲಾಗಿ 1882ರಲ್ಲಿ ಹರಾಜಿಗೆ ಬಂದು ಒಂದನ್ನ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತಗೊಳ್ತು. ಇನ್ನೊಂದು 1941ರಿಂದಾಚೆ ಎಲ್ಲಿ ಹೋಯ್ತು ಅಂತಲೇ ಗೊತ್ತಿಲ್ಲ, ಮ್ಯೂಸಿಯಂನೋರು ಎಷ್ಟೋ ವರ್ಷ ಹುಡುಕಿದ್ರು. ಅದು ಎಲ್ಲಿತ್ತು ಅಂದ್ರೆ ಅದೇ ಮ್ಯೂಸಿಯಂ ಇರೋ ಸೌತ್ ಕೆನ್ಸಿಂಗ್ಟನ್ ಏರಿಯಾದಲ್ಲೇ! ಒಬ್ಬ ಫ್ರೆಂಚ್ ಇಂಜಿನಿಯರ್ 1970ರಲ್ಲಿ 100 ಪೌಂಡಿಗೆ ತಗೊಂಡು ಮೇಲೆ ಟಿವಿ ಇಟ್ಟಿದ್ದ. ರಿಟೈರ್ ಆಗಿ ಫ್ರಾನ್ಸಿಗೆ ಹೋದ ಮೇಲೆ ಅದನ್ನೇ ಬಾಟಲ್ ಇಡೋ ಬಾರ್ ಮಾಡ್ಕೊಂಡ. 2013ರಲ್ಲಿ ಹರಾಜಾಗಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 73 ಲಕ್ಷ ಯೂರೋ ಕೊಟ್ಟು ತಗೊಳ್ತು.

ಡೌಟ್_ಗೌಡ
ಮಿಕ್ಸಿ ಕೆಳಗಿಳಿಸಿದೀನಿ 🙏

ಬೀದರ್_ಹುಡುಗ
ಇಷ್ಟೊತ್ತು ಸುಮ್ನ ಓದ್ಲಿಕತ್ತಿದ್ದೆ. ಚಿಪ್ಪಿನ ಕೆಲಸ ನೋಡ್ಬೇಕಂದ್ರ ನಮ್ಮೂರಿಗಿ ಬರ್ರಿ. ಬೀದರ್ ಕೋಟ್ಯಾಗ ರಂಗೀನ್ ಮಹಲ್ ಅದ, ಅಲಿ ಬರೀದ್ ಶಾಹನ ಕಾಲದ್ದು, ಅಂದ್ರ 1542ರಿಂದ 1580ರ ನಡಕ. ಕರೀ ಕಲ್ಲ ತೋಡಿ ಅದ್ರಾಗ ಮುತ್ತಿನ ಚಿಪ್ಪ ಕೂಡ್ಸ್ಯಾರ. ನಾ ಹೋದಾಗ ಕೀಲಿ ಹಾಕಿತ್ತು, ಕಾವಲುಗಾರನಿಗಿ ಕೈ ಮುಗ್ದು ತಗಸ್ಕೊಂಡೆ. ಒಳಗ ಕತ್ತಲಿ, ಮೊಬೈಲ್ ಬ್ಯಾಟ್ರಿ ಬಿಟ್ಟ ಕೂಡ್ಲೆ ಗೋಡಿ ಮ್ಯಾಲಿನ ಬಳ್ಳಿ ಎಲ್ಲ ಒಮ್ಮೆಲೆ ಮಿಂಚಿತ್ರಿ, ಮೈ ಜುಂ ಅಂತು. ಕೈಗಿ ಎಟುಕೋ ಕಡಿ ಒಂದಿಷ್ಟ ಚಿಪ್ಪ ಯಾರೋ ಕಿತ್ತುಕೊಂಡು ಹೋಗ್ಯಾರ, ಖಾಲಿ ಗುಂಡಿ ಅಷ್ಟ ಉಳ್ದಾವ.

ಹಳೇಸಾಮಾನು
ನಿಮ್ಮ ರಂಗೀನ್ ಮಹಲ್ ಕಾಲಕ್ಕೇ ಜಪಾನಲ್ಲೂ ಚಿಪ್ಪಿನ ಕೆಲಸಕ್ಕೆ ಭಾರೀ ಸುಗ್ಗಿ ಶುರುವಾಗೋದು, ಅದೂ ನಮ್ಮ ಪಕ್ಕದ ಗೋವಾ ದಾರಿಯಲ್ಲೇ. 1543ರಲ್ಲಿ ಪೋರ್ಚುಗೀಸರು ಜಪಾನಿಗೆ ಕಾಲಿಟ್ರು. ಅವರಿಗೆ ಗುಜರಾತಿನ ಮುತ್ತಿನ ಚಿಪ್ಪಿನ ಪೆಟ್ಟಿಗೆಗಳ ರುಚಿ ಆಗಲೇ ಹತ್ತಿತ್ತು. ಅಲ್ಲಿ ಉರುಷಿ ನೋಡಿ, ನಮಗೆ ಇದೇ ಕರಿ ಬಣ್ಣದ ಮೇಲೆ ಅದೇ ಥರ ಚಿಪ್ಪು ತುಂಬಿ ಕೊಡಿ ಅಂತ ಆರ್ಡರ್ ಕೊಡಕ್ಕೆ ಶುರು ಮಾಡಿದ್ರು. ಕಮಾನು ಮುಚ್ಚಳದ ಪೆಟಾರಿ, ಚರ್ಚಲ್ಲಿ ಪುಸ್ತಕ ಇಡೋ ಪೀಠ, ಪ್ರಸಾದದ ರೊಟ್ಟಿ ಇಡೋ ದುಂಡು ಡಬ್ಬಿ. ಪೀಠದ ನಡುವೆ ಜೆಸೂಯಿಟ್ ಪಾದ್ರಿಗಳ ಗುರುತು ಇರತ್ತೆ, ಸುತ್ತ ಜಪಾನಿನ ಹೂ ಬಳ್ಳಿ, ಒಂಚೂರೂ ಖಾಲಿ ಬಿಡದೆ ತುಂಬಿರ್ತಾರೆ. ನಾಗಾಸಾಕಿ, ಮಕಾವು, ಮಲಾಕ್ಕ, ಗೋವಾ, ಲಿಸ್ಬನ್ ಹೀಗೆ ಹಡಗಲ್ಲಿ ಹೋಗ್ತಿತ್ತು. ಇದಕ್ಕೆ ನಾನ್‌ಬಾನ್ ಅಂತ ಹೆಸರು, ದಕ್ಷಿಣದಿಂದ ಬಂದ ಅನಾಗರಿಕರು ಅಂತ ಅರ್ಥ, ದುಡ್ಡು ಕೊಡೋ ಗಿರಾಕಿಗೇ ಇಟ್ಟ ಹೆಸರು ನೋಡಿ.

1614ರಲ್ಲಿ ಕ್ರೈಸ್ತ ಧರ್ಮ ನಿಷೇಧ, 1639ಕ್ಕೆ ಪೋರ್ಚುಗೀಸರೇ ಔಟ್. ಆಮೇಲೆ ಡಚ್ಚರು. ಅವರ ಯೂರೋಪಿನ ಗಿರಾಕಿಗಳಿಗೆ ಚಿಪ್ಪಿನ ತುಂಬು ಕೆಲಸ ಹಳಸಲು ಅನ್ಸಿ ಕರಿ ನೆಲ, ಚಿನ್ನದ ಗುಡ್ಡ, ಮನೆ, ಸೇತುವೆ ಬೇಕಾಯ್ತು. ಹಾಗಾಗಿ ಪೆಟ್ಟಿಗೇಲಿ ಚಿಪ್ಪು ಎಷ್ಟಿದೆ ಅನ್ನೋದ್ರಲ್ಲೇ ಯಾರ ಕಾಲದ್ದು ಅಂತ ಒಂದು ಅಂದಾಜು ಸಿಗತ್ತೆ. 19ನೇ ಶತಮಾನದಲ್ಲಿ ನಾಗಾಸಾಕೀಲಿ ಅದೇ ಚಿಪ್ಪು ತೆಳುವಾಗಿ ಬಣ್ಣ ಹಚ್ಕೊಂಡು ವಾಪಸ್ ಬಂತು, ಕನ್ನಡತಿಯವರ ಡಬ್ಬ ಆ ಕಾಲದ್ದು.

ಬೀಟೆಮರ_ಮೈಸೂರು
ಅಂದ್ರೆ ಎಲ್ಲಾ ಫಾರಿನ್ನೋರಿಗೆ ಮಾಡಿದ್ದೇನಾ? ತಮಗೆ ಅಂತ ಏನೂ ಮಾಡ್ಕೊಳ್ಲಿಲ್ವಾ?

ಮ್ಯೂಸಿಯಂ_ಹುಳ
ಮಾಡ್ಕೊಂಡ್ರು ಸರ್, ಮತ್ತೆ ನನ್ನ ಕೇಳಿದ್ರೆ ಅಸಲಿ ಮಾಲ್ ಅದೇ, ಎಕ್ಸ್‌ಪೋರ್ಟ್ ಪೀಸ್‌ಗಳು ಸ್ವಲ್ಪ ಮದುವೆ ಮನೆ ಸೀರಿಯಲ್ ಸೆಟ್ ಥರ (ಕನ್ನಡತಿ ಅಕ್ಕ ಸಾರಿ). ಶುರುವಾಗಿದ್ದು ಚೀನಾದ ಟಾಂಗ್ ಕಾಲದಿಂದ ಬಂದ ಸಾಮಾನಿಂದ. 756ರಲ್ಲಿ ಶೋಮು ಚಕ್ರವರ್ತಿ ತೀರ್ಕೊಂಡ ಮೇಲೆ ರಾಣಿ ಕೋಮ್ಯೋ ಅವನ ಸಾಮಾನನ್ನೆಲ್ಲ ನಾರಾದ ತೋದಾಯ್‌ಜಿ ದೇವಸ್ಥಾನಕ್ಕೆ ಒಪ್ಪಿಸಿದ್ಲು, ಅದು ಶೋಸೋಯಿನ್ ಅನ್ನೋ ಉಗ್ರಾಣದಲ್ಲಿ ಇವತ್ತಿಗೂ ಇದೆ. ಅದ್ರಲ್ಲಿ ಐದು ತಂತಿಯ ಒಂದು ಬಿವಾ, ನಮ್ಮ ವೀಣೆ ಬಳಗದ್ದು ಅನ್ಕೊಳ್ಳಿ, ಉರುಷಿ ಅಲ್ಲ, ಕೆಂಪು ಮರದಲ್ಲೇ ಚಿಪ್ಪು ಕೂರಿಸಿದ್ದು. ತಂತಿ ಮೀಟೋ ಜಾಗದಲ್ಲಿ ಒಂಟೆ ಮೇಲೆ ಕೂತು ಬಿವಾ ನುಡಿಸ್ತಿರೋ ಮನುಷ್ಯನ ಚಿತ್ರ. ಆ ಕಾಲದ ಐದು ತಂತಿಯ ಬಿವಾ ಪ್ರಪಂಚದಲ್ಲಿ ಉಳಿದಿರೋದು ಅದೊಂದೇ. ಅಕ್ಕ, ನೀವು ಕ್ಯೋಟೋದಲ್ಲಿದೀರಿ, ನಾರಾ ಮುಕ್ಕಾಲು ಗಂಟೆ. ಪ್ರತಿ ಅಕ್ಟೋಬರ್ ಕೊನೆಗೆ ಸುಮಾರು ಎರಡು ವಾರ ಶೋಸೋಯಿನ್ ಪ್ರದರ್ಶನ ಇರತ್ತೆ, ಪ್ರತಿ ಸಲ ಬೇರೆ ಬೇರೆ ವಸ್ತು.

ಮತ್ತೆ ಉತ್ತರದಲ್ಲಿ ಹಿರಾಯಿಝುಮಿ ಅಂತ ಊರು, ಅಲ್ಲಿ 1124ರ ಕೊಂಜಿಕಿದೋ, ಚಿನ್ನದ ಮಂಟಪ. ಅದರ ಕಂಬಕ್ಕೆಲ್ಲ ಹಾಕಿರೋ ಚಿಪ್ಪು ಯಕೋಗಾಯ್ ಅನ್ನೋ ದೊಡ್ಡ ಸಮುದ್ರದ ಬಸವನ ಹುಳುವಿಂದು. ಆ ಹುಳು ಬದುಕೋದು ದಕ್ಷಿಣದ ಒಕಿನಾವಾ ಕಡೆಯ ಬೆಚ್ಚನೆ ಸಮುದ್ರದಲ್ಲಿ. ಹಿಮ ಬೀಳೋ ಊರಿನ ಗುಡಿಗೆ ಆ ಕಾಲದಲ್ಲಿ ಅಲ್ಲಿಂದ ಚಿಪ್ಪು ತರಿಸಿದ್ರು ಅಂದ್ರೆ ಅದರ ಮೇಲೆ ಎಂಥ ಮೋಹ ಇತ್ತು ನೋಡಿ.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಓಗಾತಾ ಕೋರಿನ್ ಅನ್ನೋ ಕಲಾವಿದ ಮಾಡಿದ ಬರವಣಿಗೆ ಪೆಟ್ಟಿಗೆ, ಟೋಕಿಯೋ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಕಪ್ಪು ನೆಲ, ಐರಿಸ್ ಹೂವಿಗೆ ಮಾತ್ರ ಚಿಪ್ಪು, ಎಲೆಗೆ ಚಿನ್ನ, ಸೇತುವೆ ಹಲಗೆಗೆ ಏನು ಗೊತ್ತಾ, ಸೀಸ! ಮಂಕು ಬೂದು ಸೀಸ. ಪಕ್ಕದಲ್ಲಿ ಆ ಮಂಕು ಇರೋದಕ್ಕೇ ಹೂವು ನೀರಲ್ಲಿ ನೆನೆದ ಹಾಗೆ ಕಾಣತ್ತೆ.

ಕ್ಯೋಟೋ_ಕನ್ನಡತಿ
ಸೀರಿಯಲ್ ಸೆಟ್ ಅಂದಿದ್ದಕ್ಕೆ ಬೇಜಾರಿಲ್ಲ, ನನಗೆ ಸೀರಿಯಲ್ ಇಷ್ಟ 😀 ಆದ್ರೆ ಒಂದು ಡೌಟು. ಆ ಹೊಳಪು ಬಣ್ಣ ಹಿಂದಿಂದ ಬಳಿದಿದ್ದು ಅಂದ್ರಿ, ಹಾಗಾದ್ರೆ ವಾಲಿಸಿದಾಗ ಹಸಿರು ಗುಲಾಬಿ ಆಗೋದೂ ಆ ಬಣ್ಣದಿಂದಾನಾ? ಮತ್ತೆ ಪ್ಲಾಸ್ಟಿಕ್ ಅಲ್ಲ ಅಂತ ಹೆಂಗೆ ಹೇಳಿದ್ರಿ?

ಮ್ಯೂಸಿಯಂ_ಹುಳ
ಅಲ್ಲ, ವಾಲಿಸಿದಾಗ ಬದಲಾಗೋದು ಚಿಪ್ಪಿನದೇ ಆಟ, ಅದರಲ್ಲಿ ಬಣ್ಣ ಅನ್ನೋ ವಸ್ತುವೇ ಇಲ್ಲ. ಚಿಪ್ಪು ಅಂದ್ರೆ ಅರ್ಧ ಮೈಕ್ರಾನ್ ಆಸುಪಾಸಿನ ಹಾಳೆ ಮೇಲೆ ಹಾಳೆ ಜೋಡಿಸಿದ ಹಾಗೆ, ಒಂದೊಂದು ಪದರದಿಂದ ವಾಪಸ್ ಬರೋ ಬೆಳಕು ಬೆರೆತು ಸೋಪಿನ ಗುಳ್ಳೇಲಿ ಕಾಮನಬಿಲ್ಲು ಕಾಣೋ ಹಾಗೆ ಕಾಣತ್ತೆ. ಹಿಂದಿನ ಕೆಂಪು ಅದಕ್ಕೆ ಒಗ್ಗರಣೆ ಅಷ್ಟೇ. ಎಸಳು ಬಿದ್ದ ಮೇಲೆ ಅದನ್ನ ಒಂಟಿಯಾಗಿ ನೋಡಿ, ಕೆಂಪು ಕಮ್ಮಿ, ಹಸಿರು ಜಾಸ್ತಿ ಕಾಣತ್ತೆ.

ಪ್ಲಾಸ್ಟಿಕ್ ಕಂಡುಹಿಡಿಯೋದು ಸುಲಭ. ಪಕ್ಕ ಪಕ್ಕದ ಎರಡು ಎಸಳು ಒಂದೇ ಸಲ ಒಂದೇ ಬಣ್ಣಕ್ಕೆ ತಿರುಗಿದ್ರೆ ಅನುಮಾನ ಪಡಿ, ಯಾಕಂದ್ರೆ ಒಂದೇ ಹಾಳೇಲಿ ಅಚ್ಚು ಹಾಕಿರ್ತಾರೆ. ನಿಜವಾದ ಚಿಪ್ಪಲ್ಲಿ ಒಂದೊಂದು ಚೂರೂ ತನ್ನ ಪಾಡಿಗೆ ತಾನು ಮಿಂಚತ್ತೆ. ನಿಮ್ಮ ಮೂರನೇ ಫೋಟೋದಲ್ಲಿ ಒಂದೇ ಹೂವಲ್ಲಿ ನಾಲ್ಕು ಥರ ಇದೆ. ಯಾರೋ ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಹೇಳ್ತಾರೆ, ಕೇಳಬೇಡಿ.

ಇನ್ನು ಆ ಬೆಳ್ಳಗಾದ ಜಾಗ. ಹೊಸ ಉರುಷಿಗೆ ನೀರು ಏನೂ ಮಾಡಲ್ಲ, ಆದ್ರೆ ನೂರೈವತ್ತು ವರ್ಷ ಬೆಳಕು ಕುಡಿದಿರೋದು ಬೇರೆ. ಬಿಸಿಲಿಗೆ ಮೇಲಿನ ಪದರ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟು ಸ್ಪಂಜ್ ಥರ ಆಗಿರತ್ತೆ, ಟಿಶ್ಯೂಲಿರೋ ನೀರು, ಆಲ್ಕೋಹಾಲು ಅದ್ರೊಳಗೆ ಹೋಗಿ ಮಂಜು ಕಟ್ಟತ್ತೆ. ಎಣ್ಣೆ ಹಚ್ಚಿದ್ರೆ ಸರಿ ಹೋಗತ್ತೆ ಅಂತ ಯಾರಾದ್ರೂ ಹೇಳ್ತಾರೆ, ಒಂದು ವಾರ ಹೊಳೆಯತ್ತೆ, ಆಮೇಲೆ ಧೂಳೆಲ್ಲ ಅಂಟ್ಕೊಂಡು ಜಿಡ್ಡು. ಮೆತ್ತನೆ ಬ್ರಷ್ ಬಿಟ್ಟು ಏನೂ ತಾಗಿಸಬೇಡಿ.

ಹಳೇಸಾಮಾನು
ಬೆಲೆ ಬಗ್ಗೆ ಯಾರೂ ಹೇಳ್ಲಿಲ್ಲ. ಮೇಡಂ, ಮರದ ಹೊರ ಪೆಟ್ಟಿಗೆ ಏನಾದ್ರೂ ಬಂದಿತ್ತಾ? ಜಪಾನಲ್ಲಿ ಒಳ್ಳೇ ವಸ್ತುನ ಬಿಳಿ ಪೌಲೋನಿಯಾ ಮರದ ಡಬ್ಬೀಲಿ ಇಡ್ತಾರೆ, ಕಿರಿಬಾಕೋ ಅಂತ, ಮುಚ್ಚಳದ ಮೇಲೆ ಮಸೀಲಿ ಹೆಸರು ಬರೆದಿರ್ತಾರೆ. ಇದ್ರೆ ಬೆಲೆ ಜಾಸ್ತಿ. ಆದ್ರೆ ಡಬ್ಬಿ ನಂಬಿ ಮೋಸ ಹೋಗಬೇಡಿ, ಒಂದು ಡಬ್ಬೀಗೆ ಇನ್ನೊಂದರ ಸಾಮಾನು ತುರುಕಿ ಮಾರೋದು ಹಳೇ ವಿದ್ಯೆ. ನಾನೇ ಒಂದು ಸಲ ಆನ್‌ಲೈನಲ್ಲಿ ಒಬ್ಬರ ಹತ್ರ ರಾದೆನ್ ಟ್ರೇ ಅಂತ ತರಿಸಿ, ಬಂದಿದ್ದು ನೋಡಿದ್ರೆ ದಪ್ಪ ಚಿಪ್ಪು, ಕೆಂಪು ಮರ, ಉರುಷಿ ಒಂದು ತೊಟ್ಟೂ ಇಲ್ಲ, ವಿಯೆಟ್ನಾಂ ಕೆಲಸ. ಚೆನ್ನಾಗೇ ಇದೆ, ಈಗ ಅದರಲ್ಲೇ ಕಾಫಿ ಕೊಡೋದು. ಆದ್ರೆ ಕೊಟ್ಟ ದುಡ್ಡು ನೆನಪಾದ್ರೆ ಕಾಫಿ ಕಹಿ.

ಕ್ಯೋಟೋ_ಕನ್ನಡತಿ
ಹೊರ ಪೆಟ್ಟಿಗೆ ಇಲ್ಲ, ಅಜ್ಜ ನ್ಯೂಸ್‌ಪೇಪರಲ್ಲಿ ಸುತ್ತಿ ಕೊಟ್ರು. ಸರಿ, ನಮ್ಮ ಬಿಲ್ಡಿಂಗಿನ ಒಬ್ರು ಆಂಟಿ ಉರುಷಿ ರಿಪೇರಿ ಮಾಡೋ ಒಬ್ಬರನ್ನ ಹೇಳಿದಾರೆ, ಶನಿವಾರ ಹೋಗ್ತೀನಿ. ಬಂದು ಹೇಳ್ತೀನಿ.

(ಐದು ದಿನದ ಮೇಲೆ)

ಕ್ಯೋಟೋ_ಕನ್ನಡತಿ
ಹೋಗ್ ಬಂದೆ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಮನೆ ಚಿಕ್ಕದು, ಮುಂದಿನ ರೂಮೇ ಕೆಲಸದ ಜಾಗ. ಎಪ್ಪತ್ತು ದಾಟಿದ ಯಜಮಾನ್ರು, ಉಗುರಿನ ಸಂದಿಯೆಲ್ಲ ಕಪ್ಪು. ಪೆಟ್ಟಿಗೆ ಕೊಟ್ಟ ಕೂಡ್ಲೆ ಮುಚ್ಚಳ ನೋಡ್ಲೇ ಇಲ್ಲ, ಮಗುಚಿ ತಳ ನೋಡಿದ್ರು, ಆಮೇಲೆ ಒಳಗಡೆ ಮೂಸಿದ್ರು! ಆಮೇಲೆ ಕಣ್ಣಿಗೆ ಲೂಪ್ (ಚಿಕ್ಕ ಭೂತಗನ್ನಡಿ) ಹಾಕ್ಕೊಂಡು ಕಿಟಕಿ ಹತ್ರ ಹತ್ತು ನಿಮಿಷ ಮಾತೇ ಇಲ್ಲ. ನಾಗಾಸಾಕಿ, ಅಂದ್ರು. ಹುಳ ಅವರೇ, ನಿಮಗೆ ಒಂದು ಕಾಫಿ ಬಾಕಿ.

ಲೂಪ್ ನನಗೂ ಕೊಟ್ರು. ಹಕ್ಕಿ ಬಾಲದ ಒಂದೊಂದು ಗರಿ ಮೇಲೂ ಕೂದಲಿಗಿಂತ ಸಣ್ಣ ಗೀರು ಇದೆ, ಸೂಜೀಲಿ ಗೀಚಿದ್ದಂತೆ, ಬರಿಗಣ್ಣಿಗೆ ನಾಲ್ಕು ತಿಂಗಳಲ್ಲಿ ಒಂದ್ಸಲನೂ ಕಂಡಿರಲಿಲ್ಲ ನನಗೆ. ಆಮೇಲೆ ಎಡಗಡೆ ಮೂಲೆಯ ಒಂದು ಎಲೆ ತೋರ್ಸಿ ಇದು ನೋಡಿ ಅಂದ್ರು. ನನಗೆ ಏನೂ ಗೊತ್ತಾಗ್ಲಿಲ್ಲ. ಟಾರ್ಚ್ ಬಿಟ್ಟು ವಾಲಿಸಿದ್ರು, ಎಲ್ಲಾ ಎಲೆ ಹಸಿರು ನೀಲಿ ಆದ್ರೆ ಅದೊಂದು ಮಾತ್ರ ಬೆಳ್ಳಗೆ, ಹಾಲಿನ ಥರ. ಚಿಪ್ಪಿನ ಜಾತಿಯೇ ಬೇರೆ. ಹಿಂದೆ ಯಾವತ್ತೋ ಆ ಎಲೆನೂ ಬಿದ್ದಿತ್ತು, ಯಾರೋ ಇದ್ದ ಚಿಪ್ಪಲ್ಲೇ ಕತ್ತರಿಸಿ ಕೂರಿಸಿದಾರೆ, ಕೆಲಸ ಚೆನ್ನಾಗಿದೆ, ಅಂದ್ರು. ಅಂದ್ರೆ ನನ್ನ ಥರದೋರು ಮೊದಲೂ ಒಬ್ರು ಇದ್ರು.

ಎಸಳು ಹಾಕಿಕೊಡ್ತೀನಿ, ಬಿಳಿ ಮಂಜು ಹಾಗೇ ಇರ್ಲಿ, ಅದನ್ನ ಉಜ್ಜಿ ತೆಗೀಬೇಕಂದ್ರೆ ಸುತ್ತಲ ಚಿಪ್ಪೂ ಸವೆಯತ್ತೆ ಅಂದ್ರು. ಹಿಂದಿನ ಕೆಂಪನ್ನೂ ಹೊಸದಾಗಿ ಬಳಿಯಲ್ವಂತೆ, ಉಳಿದಿರೋ ಅಷ್ಟು ಸಾಕು ಅಂದ್ರು. ರೇಟು ಕೇಳಿದೆ, ಪೆಟ್ಟಿಗೆಗೆ ಕೊಟ್ಟಿದ್ದರ ಎರಡರಷ್ಟು. ನಮ್ಮನೆಯವರಿಗೆ ಇನ್ನೂ ಹೇಳಿಲ್ಲ.

ಆದ್ರೆ ಈಗ ತಗೊಳಲ್ಲ, ಜೂನಲ್ಲಿ ಬನ್ನಿ ಅಂದ್ರು. ಯಾಕೆ ಅಂದ್ರೆ ಎದ್ದಿರೋ ಅಂಚುಗಳೆಲ್ಲ ಬಲವಂತ ಮಾಡದೆ ಕೂರಬೇಕಂತೆ, ಮರ ಮೊದ್ಲು ಸ್ವಲ್ಪ ತೇವ ಕುಡಿದು ಹಿಗ್ಗಬೇಕು. ಮತ್ತೆ ಉರುಷಿ ಒಣಗಕ್ಕೆ ಬಿಸಿಲು ಬೇಡ, ತೇವ ಬೇಕು. ಇದನ್ನ ಅವರು ಎರಡು ಸಲ ಹೇಳಿದ್ರೂ ನಾನೇ ಜಪಾನೀ ತಪ್ಪು ಕೇಳಿಸ್ಕೊಂಡೆ ಅಂದ್ಕೊಂಡೆ.

ಮ್ಯೂಸಿಯಂ_ಹುಳ
ಸರಿಯಾಗೇ ಕೇಳಿಸ್ಕೊಂಡಿದೀರಿ. ಉರುಷಿ ಒಣಗೋದು ಅಂದ್ರೆ ನೀರು ಆರೋದಲ್ಲ, ಸೊನೆ ಒಳಗಿನ ಕಿಣ್ವ ಗಾಳಿಯ ಆಮ್ಲಜನಕ ತಗೊಂಡು ಗಟ್ಟಿ ಮಾಡೋದು, ಅದಕ್ಕೆ ತೇವ ಬೇಕೇ ಬೇಕು. 20ರಿಂದ 25 ಡಿಗ್ರಿ, 70-80 ಪರ್ಸೆಂಟ್ ತೇವ. ಅದಕ್ಕೇ ಮುರೋ ಅಂತ ಮರದ ಬೀರು ಇಟ್ಕೊಂಡು ಒಳಗೆ ಒದ್ದೆ ಬಟ್ಟೆ ಒರೆಸಿ ಸಾಮಾನು ಇಡ್ತಾರೆ. ಮುರೋ ಇದ್ರೆ ಯಾವ ಕಾಲದಲ್ಲಾದ್ರೂ ಮಾಡಬಹುದು, ಆದ್ರೆ ನಿಮ್ಮ ಯಜಮಾನ್ರು ಪೆಟ್ಟಿಗೆಯ ಮರಕ್ಕೆ ಟೈಮ್ ಕೊಡ್ತಿದಾರೆ. ಆ ಎಸಳು ಅವರ ಹತ್ರ ಬಿಟ್ರಾ?

ಕ್ಯೋಟೋ_ಕನ್ನಡತಿ
ಇಲ್ಲ, ಎಸಳನ್ನ ವಾಶಿ ಪೇಪರಲ್ಲಿ ಮಡಚಿ ಪೆಟ್ಟಿಗೆ ಒಳಗೇ ಇಟ್ಟು ಕೊಟ್ರು. ಈಗ ಬೆಡ್‌ರೂಮ್ ಬೀರುವಲ್ಲಿದೆ, ಕಿಟಕಿ ಇಲ್ಲದ ಗೋಡೆ ಕಡೆ. ತೆಗೆದು ನೋಡಬೇಕು ಅಂತ ದಿನಾ ಅನ್ಸತ್ತೆ, ತೆಗೀತಿಲ್ಲ.

(ಜೂನ್)

ಶಿರಸಿ_ಮಾಣಿ
ಅಕ್ಕಾ, ಇಲ್ಲಿ ಮಳೆ ಹಿಡಿದು ಮೂರು ದಿನ ಆತು, ಬಟ್ಟೆ ಒಣಗ್ತಿಲ್ಲೆ. ನಿಮ್ಮ ಕಡೆ?

ಕ್ಯೋಟೋ_ಕನ್ನಡತಿ
ನಮ್ಮಲ್ಲೂ ನಿನ್ನೆಯಿಂದ ಜಿಟಿಜಿಟಿ. ಬೆಳಗ್ಗೆ ಪೆಟ್ಟಿಗೆ ಕೊಟ್ಟು ಬಂದೆ. ಎದ್ದಿದ್ದ ಮೂರು ಅಂಚಲ್ಲಿ ಎರಡು ತಾವಾಗೇ ಕೂತಿವೆ. ಯಜಮಾನ್ರು ಬೀರು ಬಾಗಿಲು ತೆಗೆದ್ರು, ಒಳಗಿಂದ ಒದ್ದೆ ಮರದ ವಾಸನೆ, ಕತ್ತಲಲ್ಲಿ ಸೂಪ್ ಬಟ್ಟಲುಗಳ ಪಕ್ಕ ಇದಕ್ಕೂ ಒಂದು ಜಾಗ ಮಾಡಿದ್ರು.